ಕನ್ನಡದ ‘ಕ’ ಮತ್ತು 3221 ಎಂಬ ಸಂಖ್ಯೆ

“ಒಳ್ಳೆಯ ಯೂನಿಕೋಡ್ ಫಾಂಟ್ ಇದ್ದರೆ ಕಳುಹಿಸಿಕೊಡಿ, ಹಳೆಯ ಬರಹವನ್ನೆಲ್ಲ ಅದಕ್ಕೆ ಬದಲಾಯಿಸಿಕೊಳ್ಳುತ್ತೇನೆ” ಎಂಬ ಕೋರಿಕೆ ನನಗೆ ಮತ್ತೆ ಮತ್ತೆ ಬರುತ್ತಿರುತ್ತದೆ. ಕೇಳುವವರಲ್ಲಿ ಲೇಖಕರಿದ್ದಾರೆ, ಅಧ್ಯಾಪಕರಿದ್ದಾರೆ, ಕಂಪ್ಯೂಟರಿನ ಮುಂದೆಯೇ ದಿನ ಕಳೆಯುವ ಕಚೇರಿ ನೌಕರರಿದ್ದಾರೆ. ಈ ಒಂದೇ ವಾಕ್ಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಸೇರಿಕೊಂಡಿವೆ. ಫಾಂಟ್ ಎಂದರೆ ಅಕ್ಷರಗಳ ಆಕಾರಗಳ ಕಟ್ಟು; ಯೂನಿಕೋಡ್ ಎಂಬುದು ಫಾಂಟ್ ಅಲ್ಲ, ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿದ ಪಟ್ಟಿ. ಫಾಂಟ್ ಬದಲಾಯಿಸಿದ ಮಾತ್ರಕ್ಕೆ ಹಳೆಯ ಬರಹ ಯೂನಿಕೋಡ್ ಆಗುವುದೂ ಇಲ್ಲ. ನಾನು ಇದನ್ನು ಪದೇ ಪದೇ ಹೇಳುವುದಕ್ಕೆ ಕಾರಣವಿದೆ: ಈ ಗೊಂದಲ ಬಗೆಹರಿಯದ ಕಾರಣದಿಂದಲೇ, ನಮ್ಮವರು ವರ್ಷಗಟ್ಟಲೆ ಕಷ್ಟಪಟ್ಟು ಟೈಪು ಮಾಡಿದ ಎಷ್ಟೋ ಬರಹ ಇಂದು ಯಂತ್ರಗಳ ಪಾಲಿಗೆ ಕನ್ನಡವೇ ಅಲ್ಲದ ಸ್ಥಿತಿಯಲ್ಲಿ ಉಳಿದಿದೆ.

ಹಳೆಯ ಫಾಂಟುಗಳು ಕೆಲಸ ಮಾಡುತ್ತಿದ್ದ ಬಗೆಯನ್ನು ಅರಿಯಲು ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯವನ್ನು ನೆನೆಯಬೇಕು. (1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಮೊದಲ ಕನ್ನಡ ಪತ್ರಿಕೆ ಅಚ್ಚಾದದ್ದು ಮೊಳೆಗಳಿಂದಲ್ಲ, ಕಲ್ಲಚ್ಚಿನಲ್ಲಿ, ಇಡೀ ಪುಟವೇ ಒಂದು ಚಿತ್ರವಾಗಿತ್ತು. ಮೊಳೆಗಳಲ್ಲಾದರೆ ಪುಟ ಬಿಡಿ ತುಂಡುಗಳಾಗಿ ಒಡೆದಿರುತ್ತದೆ.) ಅಚ್ಚುಮೊಳೆ ಜೋಡಿಸುವವರ ಮುಂದಿನ ಮರದ ಪೆಟ್ಟಿಗೆಯಲ್ಲಿ ನೂರಾರು ಗೂಡುಗಳಿರುತ್ತಿದ್ದವು: ಒಂದರಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ತಲೆಕಟ್ಟಿಲ್ಲದ ‘ಕ’ದ ಒಡಲು, ಮತ್ತೊಂದರಲ್ಲಿ ‘ನ’ದ ಒತ್ತು. ಜೋಡಿಸುವವರ ಕೈಗೆ ತಿಳಿದಿದ್ದದ್ದು ಗೂಡಿನ ಜಾಗ. ಈಗ ಒಬ್ಬರು ತಮ್ಮ ಮುದ್ರಣಾಲಯದಿಂದ ಇನ್ನೊಂದು ಊರಿನ ಮುದ್ರಣಾಲಯಕ್ಕೆ “ಹದಿನೇಳನೆಯ ಗೂಡು, ಐದನೆಯ ಗೂಡು, ನಲವತ್ತನೆಯ ಗೂಡು” ಎಂದು ಚೀಟಿ ಬರೆದು ಕಳುಹಿಸಿದರೆ ಏನಾಗುತ್ತದೆ? ಅಲ್ಲಿಯ ಪೆಟ್ಟಿಗೆಯ ಗೂಡುಗಳು ಬೇರೆಯ ಕ್ರಮದಲ್ಲಿದ್ದರೆ ಅಲ್ಲಿ ಅಚ್ಚಾಗುವುದು ಅರ್ಥವಿಲ್ಲದ ಗೀಚು. ಹಳೆಯ ಕನ್ನಡ ಫಾಂಟುಗಳಲ್ಲಿ ಉಳಿಸಿಟ್ಟ ಪ್ರತಿಯೊಂದು ಕಡತವೂ ಇಂಥದೊಂದು ಗೂಡುಗಳ ಚೀಟಿ.

ಹಳೆಯ ಫಾಂಟಿನ ಪೆಟ್ಟಿಗೆಯಲ್ಲಿ ಇದ್ದದ್ದು 256 ಗೂಡುಗಳು ಮಾತ್ರ, ಏಕೆಂದರೆ ಗಣಕದ ನೆನಪಿನ ಸಣ್ಣ ಅಳತೆಯಾದ ಒಂದು ಬೈಟಿನಲ್ಲಿ ಹಿಡಿಸುವ ಸಂಖ್ಯೆಗಳು ಅಷ್ಟೇ. ಅವುಗಳಲ್ಲಿ ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳು ಮೊದಲೇ ಕುಳಿತಿದ್ದವು. ಕನ್ನಡದ ತುಂಡುಗಳನ್ನು ಅವುಗಳ ವೇಷದಲ್ಲಿ ಕೂರಿಸಲಾಯಿತು. ಕನ್ನಡ ಟೈಪು ಮಾಡುವ ‘ನುಡಿ’ ಎಂಬ ತಂತ್ರಾಂಶದ ಹಳೆಯ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಉಳಿಯುವುದು ಏಳು ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಗೆರೆಯ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಇಂಗ್ಲಿಷಿನ ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಗೆರೆಯ ‘ಎ’. ಮೂರು ಬಾರಿ ಬಂದ ಆ ‘ಎ’ ನಮ್ಮ ತಲೆಕಟ್ಟು, ಜರ್ಮನ್ ಅಕ್ಷರ ನಮ್ಮ ‘ನ’ದ ಒತ್ತು. ಸರಿಯಾದ ಫಾಂಟ್ ತೊಡಿಸಿದಾಗ ಕಣ್ಣಿಗೆ ‘ಕನ್ನಡ’ ಕಾಣುತ್ತದೆ. ಫಾಂಟ್ ಕಳಚಿದ ಕೂಡಲೇ ಪೌಂಡು, ಜರ್ಮನ್ನು ಎಲ್ಲವೂ ಹೊರಬರುತ್ತವೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ‘ಮ’ದ್ದು. ಆ ವಿನ್ಯಾಸದಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ‘ವ’ ಬರೆದು, ಅದಕ್ಕೆ ‘ಕು’ವಿನಲ್ಲಿ ಬರುವ ಕೊಂಬನ್ನೇ ಅಂಟಿಸಿದರೆ ಕಣ್ಣಿಗೆ ‘ಮ’ ಆಗುತ್ತದೆ. ‘ಯ’ದ ಆರಂಭದ ದುಂಡು ಭಾಗಕ್ಕೆ ಅನುಸ್ವಾರದ ಸೊನ್ನೆಯನ್ನೇ ಬಳಸಿ, ಅದರ ಪಕ್ಕಕ್ಕೆ ಇನ್ನೊಂದು ತುಂಡು, ತಲೆಕಟ್ಟು, ಕೊಂಬು ಸೇರಿಸಿ ನಾಲ್ಕು ಚಿಹ್ನೆಗಳಲ್ಲಿ ಕಟ್ಟಲಾಗಿದೆ. ಮುದ್ರಣದ ದೃಷ್ಟಿಯಿಂದ ಇದು ಜಾಣತನದ ಮಿತವ್ಯಯವೇ ಸರಿ. ಕಡಿಮೆ ಗೂಡುಗಳಲ್ಲಿ ಇಡೀ ಲಿಪಿಯನ್ನು ಹಿಡಿಸಬೇಕಾಗಿತ್ತು. ಆದರೆ ಭಾಷೆಯ ದೃಷ್ಟಿಯಿಂದ ನೋಡಿದರೆ, ಅನುಸ್ವಾರವಿರುವ ಪದಗಳನ್ನು ಹುಡುಕಲು ಹೊರಟ ಯಂತ್ರಕ್ಕೆ ‘ಯ’ ಇರುವ ಪದಗಳೆಲ್ಲ ಸಿಕ್ಕಿಬೀಳುತ್ತವೆ, ಮತ್ತು ಅಕಾರಾದಿಯಾಗಿ ಜೋಡಿಸೆಂದರೆ ‘ಮ’ದ ಪದಗಳು ‘ವ’ದ ಪದಗಳೊಳಗೆ ಹೋಗಿ ಕೂರುತ್ತವೆ.

ಈ ಏರ್ಪಾಟನ್ನು ಕಟ್ಟಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆಯ ವಿನ್ಯಾಸದಲ್ಲಿಯೇ ನಮ್ಮಲ್ಲಿ ಬಹುಮಂದಿ ಇಂದಿಗೂ ಟೈಪು ಮಾಡುತ್ತೇವೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಾಗ ಅಮೆರಿಕದ ಕನ್ನಡಿಗರೂ ಬೆಂಗಳೂರಿನ ಕನ್ನಡಿಗರೂ ಸಲೀಸಾಗಿ ಕನ್ನಡದಲ್ಲಿ ಪತ್ರ ಬರೆದುಕೊಂಡರು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಕನ್ನಡವನ್ನು ತಲುಪಿಸಿತು. ಆಗಿನ ಗಣಕಗಳಲ್ಲಿ ಬೇರೆ ದಾರಿ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ ತನ್ನೊಳಗೇ ಕನ್ನಡವನ್ನು, ತುಂಗಾ ಎಂಬ ಫಾಂಟಿನ ಸಮೇತ, ಇಟ್ಟುಕೊಂಡು ಬಂದದ್ದು 2001ರಲ್ಲಿ. ನನ್ನ ಅಸಮಾಧಾನವಿರುವುದು ದಾರಿ ತೆರೆದು ಇಷ್ಟು ವರ್ಷಗಳಾದ ಮೇಲೂ, ನುಡಿಯಲ್ಲಿಯೇ ಯೂನಿಕೋಡ್ ಆಯ್ಕೆ ಇರುವಾಗಲೂ, ಅಭ್ಯಾಸಬಲದಿಂದ ಹಳೆಯ ಗೂಡುಗಳ ಚೀಟಿಯನ್ನೇ ಬರೆಯುತ್ತಿರುವವರ ಬಗ್ಗೆ.

ಯೂನಿಕೋಡ್ ಮಾಡಿದ್ದು ಇಷ್ಟೇ: ಅಕ್ಷರದ ಆಕಾರವನ್ನು ಬದಿಗಿಟ್ಟು ಅಕ್ಷರಕ್ಕೇ ಒಂದು ಸಂಖ್ಯೆ ಕೊಟ್ಟಿತು. ‘ಕ’ ಎಂದರೆ 3221. ಅದು ಯಾವ ಫಾಂಟಿನಲ್ಲಿ, ಯಾವ ಫೋನಿನಲ್ಲಿ, ಯಾವ ದೇಶದಲ್ಲಿ ಇದ್ದರೂ 3221. ಚುಕ್ಕಿ ರಂಗೋಲಿಯನ್ನು ಗಮನಿಸಿ. ಏಳು ಚುಕ್ಕಿಯಿಂದ ಒಂದರವರೆಗೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಸಾಕು, ಗೆರೆ ಎಳೆಯುವ ಕೈ ಬೇರೆಯಾದರೂ ರಂಗೋಲಿ ಅದೇ. ಯೂನಿಕೋಡ್ ಚುಕ್ಕಿಯ ಲೆಕ್ಕ. ಫಾಂಟ್ ಗೆರೆ ಎಳೆಯುವ ಕೈ. ಸಂಗೀತದಿಂದ ಹೋಲಿಕೆ ಬೇಕಿದ್ದರೆ, ಯೂನಿಕೋಡ್ ಸ್ವರಪ್ರಸ್ತಾರ, ಫಾಂಟ್ ಹಾಡುವ ಕಂಠ. ಹಳೆಯ ಪದ್ಧತಿಯಲ್ಲಿ ನಾವು ಉಳಿಸಿಕೊಂಡದ್ದು ಒಬ್ಬ ಗಾಯಕರ ಗಂಟಲಿನ ಚಲನೆಗಳ ಪಟ್ಟಿಯನ್ನು. ಬೇರೆಯವರು ಅದನ್ನು ಓದಿ ಹಾಡಲಾರರು.

ಯೂನಿಕೋಡ್ ಹೊರದೇಶದ ಕಂಪನಿಗಳು ನಮ್ಮ ಲಿಪಿಯ ಮೇಲೆ ಹೇರಿದ್ದು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಐಐಟಿ ಕಾನ್ಪುರದಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಕೆಲಸದಿಂದ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆ ಸಮಾನವಾದ ಇಸ್ಕಿ ಎಂಬ ಸಂಕೇತಪಟ್ಟಿ ರೂಪುಗೊಂಡಿತ್ತು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಈ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದ್ದರಿಂದ ಅವುಗಳ ವರ್ಣಮಾಲೆಯ ಎಲುಬುಗೂಡು ಒಂದೇ ಎಂಬುದು ಅದರ ಹಿಂದಿನ ಸೊಗಸಾದ ಒಳನೋಟ. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಇಸ್ಕಿಯ 1988ರ ರೂಪವನ್ನೇ ಆಧರಿಸಿ ಈ ಲಿಪಿಗಳನ್ನು ಸಾಲಾಗಿ, ತಲಾ 128 ಮನೆಗಳ ಬೀದಿಗಳಲ್ಲಿ ಕೂರಿಸಿತು. ಕನ್ನಡದ ಬೀದಿ 3200ರಿಂದ 3327ರವರೆಗೆ. ಅದರ ಎಡಕ್ಕೆ ತೆಲುಗು, ಬಲಕ್ಕೆ ಮಲಯಾಳಂ. ತೆಲುಗಿನ ‘ಕ’ 3093. ಅದಕ್ಕೆ 128 ಸೇರಿಸಿದರೆ ಕನ್ನಡದ ‘ಕ’, ಇನ್ನೊಂದು 128 ಸೇರಿಸಿದರೆ ಮಲಯಾಳದ ‘ಕ’. ಒಂದು ಸಣ್ಣ ಕೂಡುವಿಕೆಯಿಂದ ತೆಲುಗು ಬರಹವನ್ನು ಹೆಚ್ಚುಕಡಿಮೆ ಕನ್ನಡ ಲಿಪಿಯಲ್ಲಿ ಓದಬಹುದೆಂದು ಮೊದಲ ಬಾರಿ ಕಂಡುಕೊಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಈ ಸಮಾನಾಂತರ ಬೀದಿಗಳಿಂದ ಒಂದು ಎಡವಟ್ಟೂ ಆಗಿದೆ. ಹಳಗನ್ನಡದ ‘ಏೞು’, ‘ಪೞಗನ್ನಡ’ ಮುಂತಾದ ಪದಗಳಲ್ಲಿ ಬರುವ ‘ೞ’ ಅಕ್ಷರದ ಸಂಖ್ಯೆ 3294. ದೇವನಾಗರಿಯ ಬೀದಿಯಲ್ಲಿ ಅದೇ ಸ್ಥಾನದಲ್ಲಿರುವುದು ಕೆಳಗೆ ಚುಕ್ಕಿ ಹೊತ್ತ ‘ಫ಼’. ಹೀಗಾಗಿ ನಮ್ಮ ‘ೞ’ ಯೂನಿಕೋಡಿನ ದಾಖಲೆಯಲ್ಲಿ ‘ಕನ್ನಡ ಅಕ್ಷರ ಫ’ ಎಂಬ ಹೆಸರಿನಲ್ಲಿ ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ತಿದ್ದುಪಡಿಯ ಟಿಪ್ಪಣಿಯೊಂದನ್ನು ಪಕ್ಕಕ್ಕೆ ಸೇರಿಸಿ ಸುಮ್ಮನಾಗಬೇಕಾಯಿತು. ಇದು ಮನಸ್ಸಿಗೆ ಇರುಸುಮುರುಸಾಗುವ ಸಂಗತಿ, ಆದರೂ ಆ ನಿಯಮವನ್ನು ನಾನು ಒಪ್ಪುತ್ತೇನೆ. ಹೆಸರು, ಸಂಖ್ಯೆಗಳು ಬದಲಾಗುತ್ತಾ ಹೋದರೆ ನಾವು ಮತ್ತೆ ಮುದ್ರಣಾಲಯಕ್ಕೊಂದು ಪೆಟ್ಟಿಗೆ ಇದ್ದ ಕಾಲಕ್ಕೇ ಮರಳುತ್ತೇವೆ.

ಹಾಗಾದರೆ ಒತ್ತಕ್ಷರಗಳಿಗೆ ಸಂಖ್ಯೆ ಏಕಿಲ್ಲ ಎಂಬ ಪ್ರಶ್ನೆ ಸಹಜ. ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ನಡುವಿನ 3277 ಹಲಂತ, ಅಂದರೆ ‘ನ’ದೊಳಗಿನ ಅಕಾರವನ್ನು ತೆಗೆದುಹಾಕುವ ಚಿಹ್ನೆ. ‘ನ’, ಅದರ ಅಕಾರ ಹೋಗಿ ‘ನ್’, ಅದರ ಮುಂದೆ ‘ನ’: ಶಾಲೆಯಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯಲು ಕಲಿಸಿದ್ದು ಇದನ್ನೇ. ಒತ್ತನ್ನು ಕೆಳಗೆ ಬರೆಯುವುದು ಲಿಪಿಯ ಶೈಲಿ. ಎರಡು ವ್ಯಂಜನಗಳು ನಡುವೆ ಸ್ವರವಿಲ್ಲದೆ ಕೂಡುವುದು ಭಾಷೆಯ ಸತ್ಯ. ಯೂನಿಕೋಡ್ ಎರಡನೆಯದನ್ನು ಉಳಿಸಿಕೊಂಡು ಮೊದಲನೆಯದನ್ನು ಫಾಂಟಿಗೂ, ಅದನ್ನು ನಡೆಸುವ ಹಾರ್ಫ್‌ಬಜ್‌ನಂಥ ತಂತ್ರಾಂಶಕ್ಕೂ ಬಿಟ್ಟುಕೊಟ್ಟಿತು. ‘ಸೂರ್ಯ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ‘ಯ’ದ ನಂತರ ಕಾಣುತ್ತದೆ, ಬಾಯಿ ಮಾತ್ರ ಅದನ್ನು ‘ಯ’ಕ್ಕಿಂತ ಮೊದಲೇ ಉಚ್ಚರಿಸುತ್ತದೆ. ಕಡತದಲ್ಲಿ ಉಳಿಯುವುದು ಬಾಯಿಯ ಕ್ರಮ, ಪರದೆಯ ಮೇಲೆ ಮೂಡುವುದು ಕಣ್ಣಿನ ಕ್ರಮ. ಈ ಅದಲುಬದಲು ನಾವು ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಪುಟದ ಪ್ರತಿಯೊಂದು ಪದಕ್ಕೂ ನಡೆದುಹೋಗಿರುತ್ತದೆ.

ಕಣ್ಣಿಗೆ ಕಾಣದ ಎರಡು ಚಿಹ್ನೆಗಳೂ ಇಲ್ಲಿ ಕೆಲಸ ಮಾಡುತ್ತವೆ. ‘ಸಾಫ್ಟ್ವೇರ್’ ಎಂದು ‘ವ’ ಒತ್ತಾಗಿ ಇಳಿದಿರುವುದನ್ನು ನೀವು ಅಂತರಜಾಲದಲ್ಲಿ ಎಷ್ಟೋ ಕಡೆ ನೋಡಿರುತ್ತೀರಿ. ನಡುವೆ 8204 ಎಂಬ ಅಗೋಚರ ಚಿಹ್ನೆ ಇದ್ದರೆ ಅದು ‘ಸಾಫ್ಟ್‌ವೇರ್’ ಆಗಿ ಬಿಡಿಯಾಗಿ ನಿಲ್ಲುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ‘ರ’ದ ಬೆನ್ನಿಗೇ 8205 ಬೇಕು, ಇಲ್ಲವಾದರೆ ಅದು ‘ರ್ಯಾಂಕ್’ ಎಂದು ಅರ್ಕಾವೊತ್ತಾಗುತ್ತದೆ. ಜಾಲತಾಣಗಳನ್ನು ಕಟ್ಟುವ ಕೆಲವರು ಈ ಅಗೋಚರ ಚಿಹ್ನೆಗಳನ್ನು ಕಸವೆಂದು ಭಾವಿಸಿ ಗುಡಿಸಿಹಾಕುತ್ತಾರೆ. ಅವು ಕಸವಲ್ಲ, ನಮ್ಮ ಕಾಗುಣಿತದ ಭಾಗ.

ಯೂನಿಕೋಡಿಗಾಗಿ ನಾವು ತೆರಬೇಕಾದ ಬೆಲೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಇಂದು ಅಂತರಜಾಲವೆಲ್ಲ ಬಳಸುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಸಂಕೇತಕ್ಕೆ ಮೂರು ಬೇಕು. ‘ಕನ್ನಡ’ ಎಂಬ ಪದ ಹಳೆಯ ಫಾಂಟಿನಲ್ಲಿ ಏಳು ಬೈಟ್, ಇಲ್ಲಿ ಹದಿನೈದು. ಮೊಬೈಲಿನ ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ ಕನ್ನಡದ 70 ಸಂಕೇತಗಳು ಮಾತ್ರ ಹಿಡಿಸುತ್ತವೆ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳಲ್ಲಿಯೂ ಅದೇ ಮಾತನ್ನು ಕನ್ನಡದಲ್ಲಿ ಹೇಳಲು ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳು (ಬರಹವನ್ನು ಒಡೆದುಕೊಳ್ಳುವ ಟೋಕನ್‌ಗಳು) ಖರ್ಚಾಗುತ್ತವೆ. ಆದರೆ ಆ ಮಾದರಿಗಳು ಕನ್ನಡ ಕಲಿಯುವುದೇ ಯೂನಿಕೋಡಿನಲ್ಲಿರುವ ಬರಹದಿಂದ. ಪೌಂಡು, ಜರ್ಮನ್ನುಗಳ ವೇಷದಲ್ಲಿರುವ ಬರಹ ಅವುಗಳಿಗೆ ಬರೀ ಗದ್ದಲ. ಹುಡುಕುತಾಣಗಳ ಕಥೆಯೂ ಇದೇ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಕಣ್ಣು ಕಾಣದ ಓದುಗರ ಪಾಡು. ಪರದೆ ಓದುವ ತಂತ್ರಾಂಶಗಳು ಕನ್ನಡವನ್ನು ಓದಬಲ್ಲವು, ಆದರೆ ಅವು ಓದುವುದು ಆಕಾರವನ್ನಲ್ಲ, ಸಂಕೇತವನ್ನು. ಸಾರ್ವಜನಿಕ ಪ್ರಕಟಣೆಯೊಂದನ್ನು ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿ ಹಂಚಿದಾಗ, ದೃಷ್ಟಿಯುಳ್ಳವರಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಅದೇ ಪುಟ ಅವರ ಕಿವಿಗೆ “ಪಿ, ಎ, ಪೌಂಡ್” ಎಂದು ಕೇಳಿಸುತ್ತದೆ.

ಹಳೆಯ ಕಡತಗಳನ್ನು ಪರಿವರ್ತಿಸುವ ಉಚಿತ ಉಪಕರಣಗಳು ಇವೆ. ಅವುಗಳ ಕೆಲಸ ಸುಲಭದ್ದಲ್ಲ: ‘ವ’ ಮತ್ತು ಕೊಂಬನ್ನು ಕಂಡಲ್ಲಿ ‘ಮ’ ಎಂದು ಗ್ರಹಿಸಬೇಕು, ಅರ್ಕಾವೊತ್ತನ್ನು ಹಿಂದಕ್ಕೆ ಸಾಗಿಸಬೇಕು, ಸೊನ್ನೆ ಅನುಸ್ವಾರವೋ ‘ಯ’ದ ತುಂಡೋ ಎಂದು ಮುಂದಿನ ಚಿಹ್ನೆಯನ್ನು ನೋಡಿ ನಿರ್ಧರಿಸಬೇಕು. ಅವು ಮುಖ್ಯವಾಗಿ ಸೋಲುವುದು ಒಂದು ಕಡೆ. ಫಾಂಟಿನ ಹೆಸರು ಅಳಿಸಿಹೋಗಿ ಬರೀ ಅಕ್ಷರಗಳು ಉಳಿದ ಕಡತದಲ್ಲಿ, ದೊಡ್ಡ ‘ಪಿ’ ಎಂಬುದು ಕನ್ನಡದ ‘ಕ’ದ ಒಡಲೋ ಅಥವಾ ಒಬ್ಬರ ಇಂಗ್ಲಿಷ್ ಇನಿಷಿಯಲ್ಲೋ ಎಂದು ಯಂತ್ರ ತಿಳಿಯಲಾರದು.

ನಿವೃತ್ತ ಶಿಕ್ಷಕರೊಬ್ಬರು ತಮ್ಮ ಸೀಮೆಯ ಬೀಸುವ ಪದಗಳನ್ನು ವರ್ಷಗಳ ಕಾಲ ಕೂಡಿಹಾಕಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿಟ್ಟಿದ್ದರು. ಕಳೆದ ಬೇಸಿಗೆಯಲ್ಲಿ ಆ ಕಡತವನ್ನು ಪರಿವರ್ತಿಸಿ, ಹಾಡು ಹೇಳಿದವರ ಹೆಸರಿನ ಮುಂದೆ ಇಂಗ್ಲಿಷಿನಲ್ಲಿದ್ದ ಇನಿಷಿಯಲ್ಲುಗಳು ಕನ್ನಡದ ತುಂಡುಗಳಾಗಿ ಕೆಟ್ಟದ್ದನ್ನು ನಾವಿಬ್ಬರೂ ಮೂರು ಸಂಜೆ ಕುಳಿತು ಒಂದೊಂದಾಗಿ ಸರಿಪಡಿಸಿದೆವು. ಮೂರನೆಯ ಸಂಜೆ ಅವರು ಹುಡುಕು ಪೆಟ್ಟಿಗೆಯಲ್ಲಿ ತಮ್ಮ ಕೈಯಾರೆ ‘ರಾಗಿ’ ಎಂದು ಬರೆದರು. ರಾಗಿ ಬರುವ ತ್ರಿಪದಿಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. ಅವರು ಅವನ್ನು ಗಟ್ಟಿಯಾಗಿ ಓದಲು ಆರಂಭಿಸಿದರು.