ಹೂ ನೀರಿನ ಕೆಲಸ ಮುಗಿಯಿತು, ನಿದ್ದೆ ಮಾತ್ರ ಹಳಿಗೆ ಬಂದಿಲ್ಲ: ಏನು ಮಾಡಬೇಕು?

ಪ್ರಶ್ನೆ: ವಿರಾಜಪೇಟೆ ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ. ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಿದ್ದರಿಂದ, ಅದರ ಬದಲು ಹೂ ನೀರು ಕೊಡಲು ಮೂರು ವಾರ ರಾತ್ರಿಯಿಡೀ ಸ್ಪ್ರಿಂಕ್ಲರ್ ಹಾಕಿದೆವು. ಮೂರು-ನಾಲ್ಕು ಗಂಟೆಗೊಮ್ಮೆ ಪೈಪ್ ಬದಲಿಸುವುದು, ಬೆಳಗಾದ ಮೇಲೆ ಮಲಗುವುದು. ಕೆಲಸ ಮುಗಿದು ಹತ್ತು ದಿನವಾಯಿತು. ಈಗಲೂ ರಾತ್ರಿ 3 ಗಂಟೆಯವರೆಗೆ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ 10.30ಕ್ಕೆ ಎಚ್ಚರ. ಆಳುಗಳಿಗೆ ಕೆಲಸ ಹೇಳುವುದೆಲ್ಲ ತಮ್ಮನ ತಲೆಗೆ ಬಿದ್ದಿದೆ. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದು ಮರುದಿನ ಬೇಗ ಮಲಗಿ ನೋಡಿದೆ. ಎರಡೇ ದಿನದಲ್ಲಿ ಮತ್ತೆ ಹಳೇ ಕಥೆ. ಮಾತ್ರೆ ಇಲ್ಲದೆ ಸರಿ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಹತ್ತರಿಂದ ಹದಿನಾಲ್ಕು ದಿನ ಬೇಕು. ಆದರೆ ನೀವು ಹಿಡಿದ ತುದಿ ಬೇರೆ. ಬೇಗ ಮಲಗಲು ಹೊರಟಿದ್ದೀರಿ. ನಿದ್ದೆ ಯಾವಾಗ ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಯಾವಾಗ ಏಳಬೇಕು, ಎದ್ದ ಮೇಲೆ ಕಣ್ಣಿಗೆ ಯಾವ ಬೆಳಕು ಬೀಳಬೇಕು ಎಂಬುದು ನಮ್ಮ ಕೈಯಲ್ಲಿದೆ. ಸರಿಪಡಿಸುವುದನ್ನು ಆ ತುದಿಯಿಂದಲೇ ಶುರು ಮಾಡಬೇಕು.

ಮೊದಲು, ರಾತ್ರಿಯಿಡೀ ಎಚ್ಚರವಿದ್ದ ಉಪಾಯ ಏಕೆ ಕೈಕೊಟ್ಟಿತು ಎಂದು ನೋಡೋಣ. ನಿದ್ದೆಯನ್ನು ನಡೆಸುವ ಶಕ್ತಿಗಳು ಎರಡು. ಒಂದು, ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗಿ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮಿದುಳಿನ ತಳದಲ್ಲಿ ಕುಳಿತಿರುವ ಒಳಗಡಿಯಾರ. ಎಷ್ಟು ಹೊತ್ತಿಗೆ ಮೈ ಬಿಸಿಯಾಗಬೇಕು, ರಾತ್ರಿಯಾಯಿತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಎಷ್ಟು ಹೊತ್ತಿಗೆ ಹೊರಬರಬೇಕು ಎಂದು ಹೇಳುವುದು ಅದು. ರಾತ್ರಿಯಿಡೀ ಎಚ್ಚರವಿದ್ದಾಗ ನೀವು ಒತ್ತಡವನ್ನು ಮಾತ್ರ ಏರಿಸಿದಿರಿ. ಅದರ ಬಲದಿಂದ ಮರುದಿನ 9 ಗಂಟೆಗೇ ನಿದ್ದೆ ಬಂತು. ಒಂದು ಒಳ್ಳೆಯ ನಿದ್ದೆಯಲ್ಲಿ ಆ ಒತ್ತಡ ಇಳಿದುಹೋಯಿತು. ಗಡಿಯಾರದ ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

ಈ ಗಡಿಯಾರದ ಒಂದು ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ಉದ್ದ, ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸು. ಹಾಗಾಗಿ ತಡವಾಗುವುದು ಅದಕ್ಕೆ ಸಲೀಸು, ಹಿಂದಕ್ಕೆ ಬರುವುದು ಕಷ್ಟ. ಮೂರು ವಾರದಲ್ಲಿ ಕೆಟ್ಟದ್ದು ತಾನಾಗಿಯೇ ಸರಿಹೋಗದಿರುವುದಕ್ಕೆ ಇದೇ ಕಾರಣ. ನಿಮ್ಮ ಸೋಮಾರಿತನ ಎಂದು ಮನೆಯವರು ಅಂದುಕೊಂಡಿದ್ದರೆ ಈ ಸಾಲನ್ನು ಅವರಿಗೂ ಓದಿ ಹೇಳಿ.

ಇನ್ನು ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ಬೆಳಗಿನ ಬಿಸಿಲು ನೋಡಿದರೆ ನಿದ್ದೆ ಸರಿಹೋಗುತ್ತದೆ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಅದು ಅರ್ಧ ನಿಜ. ದಿನದಲ್ಲಿ ನಮ್ಮ ಮೈ ಅತಿ ತಣ್ಣಗಾಗುವ ಒಂದು ಹೊತ್ತಿದೆ. ಮಾಮೂಲಾಗಿ ಏಳುವುದಕ್ಕೆ ಸುಮಾರು ಎರಡು ಗಂಟೆ ಮೊದಲು. ಅದನ್ನು ದೇಹದ ನಡುರಾತ್ರಿ ಎಂದುಕೊಳ್ಳಿ. ಅದಾದ ಮೇಲೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಮರುದಿನ ನಿದ್ದೆ ಬೇಗ ಬರುತ್ತದೆ. ಅದಕ್ಕೆ ಮೊದಲು ಬಿದ್ದ ಬೆಳಕು ಇನ್ನಷ್ಟು ತಡ ಮಾಡುತ್ತದೆ. ನೀವು 10.30ಕ್ಕೆ ಏಳುವವರು, ನಿಮ್ಮ ದೇಹದ ನಡುರಾತ್ರಿ 8.30ರ ಸುಮಾರಿಗೆ. ಮಾರ್ಚ್ ಆರಂಭದಲ್ಲಿ ಕೊಡಗಿನಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6.40ಕ್ಕೆ. ನಾಳೆಯೇ ಅಲಾರಂ ಇಟ್ಟು 6.40ಕ್ಕೆ ಅಂಗಳದಲ್ಲಿ ನಿಂತಿರೋ, ನಿಮ್ಮ ಗಡಿಯಾರದ ಪಾಲಿಗೆ ಅದು ನಡುರಾತ್ರಿಗೂ ಮುಂಚಿನ ಬೆಳಕು. ಶ್ರಮ ಪಟ್ಟು ನಿದ್ದೆಯನ್ನು ಇನ್ನಷ್ಟು ಮುಂದೂಡಿದಂತಾಗುತ್ತದೆ.

ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೊದಲ ದಿನ 10ಕ್ಕೆ ಅಲಾರಂ. ಎರಡನೇ ದಿನ 9.30, ಮೂರನೇ ದಿನ 9, ನಾಲ್ಕನೇ ದಿನ 8.30. ಹೀಗೆ ಅರ್ಧರ್ಧ ಗಂಟೆ ಇಳಿದರೆ ಎಂಟನೇ ದಿನಕ್ಕೆ 6.30. ಎದ್ದು ಹತ್ತು ನಿಮಿಷದೊಳಗೆ ಹೊರಗೆ ಹೋಗಿ, 30ರಿಂದ 45 ನಿಮಿಷ ಇರಿ. ಸೂರ್ಯನನ್ನು ನೇರವಾಗಿ ನೋಡುವುದು ಬೇಡ, ಬಯಲು ಬೆಳಕು ಕಣ್ಣಿಗೆ ಬಿದ್ದರೆ ಸಾಕು. ಮಲಗುವ ಹೊತ್ತನ್ನು ಏಳುವ ಹೊತ್ತಿನಿಂದ ಏಳೂವರೆ ಗಂಟೆ ಹಿಂದಕ್ಕೆ ಎಣಿಸಿ: 10ಕ್ಕೆ ಏಳುವ ದಿನದ ಹಿಂದಿನ ರಾತ್ರಿ 2.30, 9.30ಕ್ಕಾದರೆ 2 ಗಂಟೆ, ಕೊನೆಗೆ 11. ಮೊದಲ ದಿನವೇ 11ಕ್ಕೆ ಹೋಗಿ ಬಿದ್ದುಕೊಳ್ಳಬೇಡಿ. ಮೂರು ಗಂಟೆ ಹೊರಳಾಡಿದರೆ ಹಾಸಿಗೆ ಎಂದರೆ ಎಚ್ಚರವಿರುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ, ಆ ಪಾಠ ಮರೆಸುವುದು ಗಡಿಯಾರ ಸರಿಪಡಿಸುವುದಕ್ಕಿಂತ ಕಷ್ಟ.

ಯಾವುದಾದರೂ ಮೆಟ್ಟಿಲಲ್ಲಿ ಸಿಕ್ಕಿಕೊಂಡರೆ, ಎದ್ದೂ ಮಂಕಾಗಿಯೇ ಇದ್ದರೆ, ಅದೇ ಹೊತ್ತಿನಲ್ಲಿ ಎರಡು ದಿನ ನಿಲ್ಲಿ, ಆಮೇಲೆ ಇಳಿಯಿರಿ. ಸಾಮಾನ್ಯವಾಗಿ ನಾಲ್ಕನೇ, ಐದನೇ ದಿನ ಹೀಗಾಗುತ್ತದೆ. ಅಲಾರಂ ನಿಮ್ಮ ಒಳಗಡಿಯಾರಕ್ಕಿಂತ ಮುಂದೆ ಓಡಿದೆ ಎಂದಷ್ಟೇ ಅದರ ಅರ್ಥ.

ಹೊರಗೆ ಹೋಗುವುದು ಎಂದರೆ ಎಲ್ಲಿಗೆ ಎಂಬುದೂ ಮುಖ್ಯ, ಕೊಡಗಿನಲ್ಲಂತೂ ಇನ್ನೂ ಮುಖ್ಯ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಬೆಳಕು 100ರಿಂದ 300 ಲಕ್ಸ್ (ಬೆಳಕನ್ನು ಅಳೆಯುವ ಮಾನ). ಬೆಳಿಗ್ಗೆ ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಬಯಲಿನಲ್ಲಿ 10,000 ಲಕ್ಸ್ ದಾಟುತ್ತದೆ. ನಮ್ಮ ತೋಟಗಳೆಲ್ಲ ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನಲ್ಲಿ ಬೆಳೆದವು; ಆ ನೆರಳಿನಡಿ ಬೆಳಕು ಬಯಲಿಗಿಂತ ಹಲವು ಪಟ್ಟು ಕಡಿಮೆ. ತೋಟದೊಳಗೆ ಒಂದು ಸುತ್ತು ಹಾಕಿ ಬಂದು ಬಿಸಿಲು ತೆಗೆದುಕೊಂಡೆ ಎಂದರೆ ಲೆಕ್ಕಕ್ಕೆ ಸಿಗದು. ಕಾಫಿ ಒಣಗಿಸುವ ಕಣ ಇದೆಯಲ್ಲ, ಅಲ್ಲಿ ನಿಲ್ಲಿ, ಕುಳಿತು ತಿಂಡಿ ತಿನ್ನಿ. ಅದೇ ನೆರಳು ಇನ್ನೊಂದು ಕಡೆ ಉಪಕಾರಕ್ಕೂ ಬರುತ್ತದೆ: ಮೊದಲ ಮೂರು-ನಾಲ್ಕು ದಿನಗಳಲ್ಲಿ ಅನಿವಾರ್ಯವಾಗಿ 7ಕ್ಕೇ ಏಳಬೇಕಾಗಿ ಬಂದರೆ 8.30ರ ತನಕ ಮನೆಯೊಳಗೆ ಇಲ್ಲವೇ ಮರಗಳಡಿ ಇರಿ, ಕಪ್ಪು ಕನ್ನಡಕ ಹಾಕಿ, ಆಮೇಲೆ ಬಯಲಿಗೆ ಬನ್ನಿ. ಗಾಡಿ ಓಡಿಸುವಾಗ ಮಾತ್ರ ತೀರಾ ಗಾಢವಾದ ಕನ್ನಡಕ ಬೇಡ.

ಸಂಜೆಯದ್ದು ಇದರ ತಿರುವು. ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಬಿಳಿ ಟ್ಯೂಬ್‌ಲೈಟ್ ಆರಿಸಿ, ಕೋಣೆಗೊಂದು ಹಳದಿ ಬಲ್ಬ್ ಇಟ್ಟುಕೊಳ್ಳಿ. ಕಣ್ಣಿನಲ್ಲಿರುವ, ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಕೋಶಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ; ಬಿಳಿ ಎಲ್‌ಇಡಿಯಲ್ಲಿ ಅದು ಧಾರಾಳ. ಫೋನಿನ ಬೆಳಕಿಗಿಂತ ಅದರಲ್ಲಿ ಬರುವ ಕಾಫಿ ರೇಟು, ಮಳೆ ಸುದ್ದಿ, ಗ್ರೂಪಿನ ಜಗಳಗಳೇ ಹೆಚ್ಚು ಎಚ್ಚರ ಮಾಡುತ್ತವೆ. ಅದನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಮಿಗೆ ಬೇಕಾದರೆ ಒಂದು ಹಳೇ ಟೈಂಪೀಸ್ ಸಾಕು.

ಕಾಫಿಯ ಮಾತು ಸ್ವಲ್ಪ ಉದ್ದ, ಏಕೆಂದರೆ ಇಲ್ಲಿ ಅದು ಪಾನೀಯ ಮಾತ್ರವಲ್ಲ. ಕೆಫೀನ್ ಮಾಡುವುದು ಇಷ್ಟೇ: ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ನಿದ್ದೆಯ ಒತ್ತಡ ಒಳಗೆ ಇದ್ದರೂ ಮಿದುಳಿಗೆ ಗೊತ್ತಾಗುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸರಾಸರಿ 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ 5ಕ್ಕೆ ಕುಡಿದ ಲೋಟದ ಅರ್ಧ ರಾತ್ರಿ 10ಕ್ಕೂ, ಕಾಲುಭಾಗ ಬೆಳಗಿನ ಜಾವ 3ಕ್ಕೂ ಮೈಯಲ್ಲಿರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಮನೆಯ ತೋಟದ ರೊಬಸ್ಟಾ ಪುಡಿಯಲ್ಲಿ ಮಾಡಿದ ಗಟ್ಟಿ ಬೆಲ್ಲದ ಕಾಫಿ ಹಾಲಿಲ್ಲದ್ದರಿಂದ ಹಗುರ ಅನಿಸಬಹುದು, ಕೆಫೀನ್ ಲೆಕ್ಕದಲ್ಲಿ ಹಗುರವಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಮಿಶ್ರಣದ ಪುಡಿ ಆ ಮಟ್ಟಿಗೆ ಮೃದು.

ನೀರು ಹಾಯಿಸುವ ರಾತ್ರಿಗಳಲ್ಲಿ 12ಕ್ಕೊಂದು, 3ಕ್ಕೊಂದು ಲೋಟ ರೂಢಿಯಾಗಿರುತ್ತದೆ. ಅದನ್ನು ಒಂದೇ ಏಟಿಗೆ ನಿಲ್ಲಿಸಿದರೆ ಮರುದಿನವೇ ತಲೆ ಸಿಡಿಯಲು ಶುರು. ಎರಡು ದಿನಕ್ಕೊಮ್ಮೆ ಅರ್ಧ ಲೋಟ ಕಡಿಮೆ ಮಾಡಿ. ಕೊನೆಯ ಕಾಫಿ ಮಲಗುವುದಕ್ಕೆ ಹತ್ತು ಗಂಟೆ ಮೊದಲಿರಲಿ: 2.30ಕ್ಕೆ ಮಲಗುವ ದಿನ ಸಂಜೆ 4.30, 11ಕ್ಕೆ ಮಲಗುವ ದಿನ ಮಧ್ಯಾಹ್ನ 1. ಸಂಜೆ ಯಾರ ಮನೆಗೆ ಹೋದರೂ ಕಾಫಿ ಮುಂದಿಡುತ್ತಾರೆ, ಬೇಡ ಎನ್ನಲು ಸಂಕೋಚ. ಎರಡು ವಾರದ ಮಟ್ಟಿಗೆ ಶುಂಠಿ-ಜೀರಿಗೆ ಕಷಾಯ ಕೇಳಿ. ಬೆಲ್ಲ ಹಾಕಿಯೇ ಕೊಡುತ್ತಾರೆ, ಯಾರಿಗೂ ಬೇಸರವಾಗದು.

ಒಂದೆರಡು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರಿದ್ದಾರೆ. ಬೇಗ ಬರುತ್ತದೆ, ನಿಜ. ಮದ್ಯಸಾರ ಕರಗಿದ ಮೇಲೆ, ಅಂದರೆ ರಾತ್ರಿಯ ಉತ್ತರಾರ್ಧದಲ್ಲಿ, ನಿದ್ದೆ ಚೂರುಚೂರಾಗುತ್ತದೆ. ಗೊರಕೆ ಹೆಚ್ಚುತ್ತದೆ. ಈ ಎರಡು ವಾರ ಬಿಟ್ಟುಬಿಡಿ. ರಾತ್ರಿಯೂಟ ಮಲಗುವುದಕ್ಕೆ ಮೂರು ಗಂಟೆ ಮೊದಲು ಮುಗಿಯಲಿ. ಕಡಂಬುಟ್ಟು, ಪಂದಿ ಕರಿಯಂಥ ಭರ್ಜರಿ ಊಟವಿದ್ದರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಹೊಟ್ಟೆ, ಯಕೃತ್ತಿಗೂ ತಮ್ಮದೇ ಗಡಿಯಾರಗಳಿವೆ, ಅವು ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ಎದ್ದ ಒಂದು ಗಂಟೆಯೊಳಗೆ ತಿಂಡಿ ತಿನ್ನಿ.

ಬಚ್ಚಲ ಹಂಡೆಯಲ್ಲಿ ನೀರು ಕಾಯಿಸುವ ಪದ್ಧತಿ ಮನೆಯಲ್ಲಿದ್ದರೆ ಅದನ್ನು ರಾತ್ರಿಗೆ ಬದಲಿಸಿ. ಮಲಗುವುದಕ್ಕೆ ಒಂದರಿಂದ ಎರಡು ಗಂಟೆ ಮೊದಲು ಹತ್ತು ನಿಮಿಷ ಬಿಸಿನೀರಿನ ಸ್ನಾನ ಮಾಡಿದರೆ ಕೈಕಾಲಿನ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಶಾಖ ಹೊರಹೋಗುತ್ತದೆ. ಮೈ ತಣಿಯುವುದೇ ನಿದ್ದೆಗೆ ಸೂಚನೆ. ಸ್ನಾನ ಮಾಡಿ ನೇರವಾಗಿ ಹಾಸಿಗೆಗೆ ಹೋದರೆ ಮೈ ಇನ್ನೂ ಬಿಸಿಯಾಗಿರುತ್ತದೆ, ಪ್ರಯೋಜನ ಕಡಿಮೆ. ಚಳಿಯಲ್ಲಿ ಪಾದಕ್ಕೆ ಕಾಲುಚೀಲ ಹಾಕಿಕೊಂಡರೂ ಇದೇ ತತ್ತ್ವ.

ಮಲಗಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬನ್ನಿ, ಗಡಿಯಾರ ನೋಡದೆ ಅಂದಾಜಿನ ಮೇಲೆ. ಮಂದ ಬೆಳಕಿನಲ್ಲಿ ಬೇಸರ ತರಿಸುವ ಏನಾದರೂ ಮಾಡಿ; ತೋಟದ ಲೆಕ್ಕ ಬರೆಯುವ ರೈಟರ್ ಬರೆದಿಟ್ಟ ಹಾಜರಿ ಪುಸ್ತಕ ನೋಡಿದರೂ ಆದೀತು. ಕಣ್ಣು ಭಾರವಾದಾಗಲೇ ಮತ್ತೆ ಹಾಸಿಗೆಗೆ. ಎಷ್ಟೇ ತಡವಾಗಿ ನಿದ್ದೆ ಬಂದರೂ ಬೆಳಗಿನ ಅಲಾರಂ ಬದಲಿಸಬೇಡಿ. ಹಗಲು ತಡೆಯಲಾಗದಿದ್ದರೆ ಅಲಾರಂ ಇಟ್ಟು 20 ನಿಮಿಷ ಮಲಗಿ, ಅದೂ ರಾತ್ರಿ ಮಲಗುವುದಕ್ಕೆ ಎಂಟು ಗಂಟೆ ಮೊದಲು. ಭಾನುವಾರಕ್ಕೂ ಇದೇ ನಿಯಮ. ಒಂದು ಭಾನುವಾರ 10ರ ತನಕ ಮಲಗಿದರೆ ಮೂರು ದಿನದ ದುಡಿಮೆ ಹೋಗುತ್ತದೆ.

ಈ ದಿನಗಳಲ್ಲಿ ಜಾಗ್ರತೆಯೂ ಬೇಕು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನು ಚಾಲಕರಿಗೆ ಬಿಟ್ಟಿರುವ ಮಿತಿ ಶೇ. 0.03. ನಿದ್ದೆಗೆಟ್ಟ ಮರುದಿನ ಸಂಪಾಜೆ ಘಾಟಿ ಇಳಿಯುವುದು, ಕಾಳುಮೆಣಸಿನ ಏಣಿ ಹತ್ತುವುದು, ಮರ ಕೊಯ್ಯುವ ಯಂತ್ರ ಹಿಡಿಯುವುದು ಬೇಡ.

ಮಾತ್ರೆಯ ಬಗ್ಗೆ ಕೇಳಿದ್ದೀರಿ. ಆಲ್ಪ್ರಜೋಲಂನಂಥ ಮಾತ್ರೆಗಳು ನಿದ್ದೆ ಬರಿಸಿಯಾವು, ಗಡಿಯಾರವನ್ನು ಸರಿಸುವುದಿಲ್ಲ. ರೂಢಿಯಾದರೆ ಬಿಡುವುದೂ ಕಷ್ಟ. ಮೆಲಟೋನಿನ್ ಗಡಿಯಾರವನ್ನು ಸರಿಸಬಲ್ಲದು, ಆದರೆ ಮಲಗುವಾಗ ನುಂಗಿದರೆ ಅಷ್ಟಾಗಿ ಅಲ್ಲ. ಸಣ್ಣ ಪ್ರಮಾಣವನ್ನು ಕೆಲವು ಗಂಟೆ ಮೊದಲೇ ತೆಗೆದುಕೊಳ್ಳಬೇಕಾಗುತ್ತದೆ. ಹೊತ್ತು ತಪ್ಪಿದರೆ ಫಲವೂ ತಪ್ಪುತ್ತದೆ, ಆದ್ದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಮೂರ್ಛೆರೋಗ, ಬೈಪೋಲಾರ್ ಕಾಯಿಲೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ನಿದ್ದೆ-ಊಟದ ಹೊತ್ತು ಬದಲಿಸುವ ಮೊದಲೇ ಮಾತಾಡಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ, ಬದುಕೇ ಬೇಡವೆನಿಸುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇದೇ ಪ್ರಶ್ನೆಯನ್ನು ಜೂನ್-ಜುಲೈನಲ್ಲಿ ಕೇಳುವವರೂ ಇದ್ದಾರೆ. ಮಳೆಗಾಲದಲ್ಲಿ ಸೂರ್ಯನೇ ಕಾಣುವುದಿಲ್ಲ, ಕಿಟಕಿ ಸಣ್ಣದಿರುವ ಹಳೇ ಮನೆಗಳೊಳಗೆ ಹಗಲಲ್ಲೂ ಕತ್ತಲು. ಆದರೂ ಕವಿದ ಮೋಡದ ಹಗಲಿನ ಬಯಲು ಬೆಳಕು ಸಾಮಾನ್ಯವಾಗಿ ಸಾವಿರ ಲಕ್ಸ್‌ಗಿಂತ ಹೆಚ್ಚು. ಒಳಗಿನದಕ್ಕಿಂತ ಎಷ್ಟೋ ಮೇಲು. ಜಗಲಿಯ ಅಂಚಿನಲ್ಲಿ, ಆಕಾಶ ಕಾಣುವಂತೆ, ಒಂದು ಗಂಟೆ ಕುಳಿತುಕೊಳ್ಳಿ. ಬಿಸಿಲಿನ ದಿನದ ಅರ್ಧ ಗಂಟೆಗೆ ಬದಲು ಅಷ್ಟು ಬೇಕು.

ನಿಮಗೆ ಇನ್ನೊಂದು ಸುತ್ತು ಕೆಲಸ ಬಾಕಿ ಇರಬಹುದು. ಹೂ ನೀರಾಗಿ 15-20 ದಿನಕ್ಕೆ, ಅರಳಿದ ಹೂ ಕಾಯಿ ಕಟ್ಟಲು, ಬ್ಯಾಕಿಂಗ್ ನೀರು ಎಂಬ ಎರಡನೇ ಸುತ್ತು ಕೊಡಬೇಕು, ಮಳೆ ಬಾರದಿದ್ದರೆ ಮತ್ತೆ ರಾತ್ರಿ ಪಂಪು. ಆಗ ಒಬ್ಬರೇ ರಾತ್ರಿಯಿಡೀ ನಿಲ್ಲಬೇಡಿ. ತಮ್ಮನಿಗೆ ಸಂಜೆಯಿಂದ 1.30ರ ತನಕ, ನಿಮಗೆ 1.30ರಿಂದ ಬೆಳಗಿನ ತನಕ, ಇಲ್ಲವೇ ತಿರುಗುಮುರುಗು. ಒಮ್ಮೆ ಹಂಚಿಕೊಂಡ ಪಾಳಿಯನ್ನು ಮುಗಿಯುವವರೆಗೂ ಬದಲಿಸಬೇಡಿ. ಮೊದಲ ಪಾಳಿಯವರು 2ರಿಂದ, ಎರಡನೇ ಪಾಳಿಯವರು ರಾತ್ರಿ 8.30ರಿಂದ ಪ್ರತಿದಿನವೂ ಒಂದೇ ಹೊತ್ತಿಗೆ ಕನಿಷ್ಠ ನಾಲ್ಕು ಗಂಟೆ ಗಟ್ಟಿ ನಿದ್ದೆ ಮಾಡಿ, ಉಳಿದದ್ದನ್ನು ಮಧ್ಯಾಹ್ನ ಪರದೆ ಎಳೆದು ತೀರಿಸಿಕೊಳ್ಳಿ. ಆ ನಾಲ್ಕು ಗಂಟೆ ರಾತ್ರಿಯಲ್ಲೇ ಇದ್ದರೆ ಗಡಿಯಾರ ಹೆಚ್ಚು ದೂರ ಜಾರುವುದಿಲ್ಲ. ಪಂಪು ನಿಲ್ಲಿಸಿದ ಮೇಲೆ ಎಂಟು ಮೆಟ್ಟಿಲಿನ ಬದಲು ಎರಡು-ಮೂರರಲ್ಲೇ ಕೆಳಗಿಳಿಯಬಹುದು.