ಫೋರ್ಕ್ ಸರ್ವಿಸಿಗೆ ಲಗೇಜ್ ತಕ್ಕಡಿ

ಮುಳ್ಳಯ್ಯನಗಿರಿಯಿಂದ ಇಳಿದು ಕೈಮರ ತಲುಪುವಷ್ಟರಲ್ಲಿ ನನ್ನ ಅಂಗೈ ಜೋಮು ಹಿಡಿದಿತ್ತು. ತಪ್ಪು ರಸ್ತೆಯದಲ್ಲ. ಸೈಕಲ್ಲಿನ ಮುಂದಿನ ಫೋರ್ಕ್, ಅಂದರೆ ಮುಂಚಕ್ರ ಹಿಡಿದು ಪೆಟ್ಟು ನುಂಗುವ ಜೋಡಿ ಕಾಲು, ಸಣ್ಣ ಕಲ್ಲುಗಳಿಗೆ ಜಗ್ಗುತ್ತಲೇ ಇರಲಿಲ್ಲ. ದೊಡ್ಡ ಗುಂಡಿ ಸಿಕ್ಕರೆ ಮಾತ್ರ ಕಟಕ್ಕನೆ ಇಳಿಯುತ್ತಿತ್ತು.

ತುಂಬಿದ ಬೀರು ತಳ್ಳಿ ನೋಡಿ. ಮೊದಲು ಅಲ್ಲಾಡುವುದೇ ಇಲ್ಲ, ಅಲ್ಲಾಡಿದ ಮೇಲೆ ಸಲೀಸು. ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಜಾಸ್ತಿ. ಫೋರ್ಕಿನ ಒಳಗೆ ಎಣ್ಣೆ ಒಣಗಿದಾಗ ಆಗುವುದೂ ಇದೇ.

ಗಾಳಿಯ ಫೋರ್ಕುಗಳಲ್ಲಿ ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಗಾಳಿಯೇ ಸ್ಪ್ರಿಂಗ್. ಇನ್ನೊಂದರಲ್ಲಿ ಡ್ಯಾಂಪರ್. ಸ್ಪ್ರಿಂಗ್ ಪೆಟ್ಟನ್ನು ನುಂಗಿ ವಾಪಸ್ ಕೊಡುತ್ತದೆ. ಡ್ಯಾಂಪರ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ ಆ ಶಕ್ತಿಯನ್ನು ಬಿಸಿಯಾಗಿಸುತ್ತದೆ. ಇವೆರಡರ ಜೊತೆಗೆ, ಕೊಳವೆಗಳು ನುಣ್ಣಗೆ ಜಾರಲಿ ಅಂತ ಕೆಳಗಿನ ಕಾಲುಗಳಲ್ಲಿ ಬೇರೆ ಸ್ವಲ್ಪ ಎಣ್ಣೆ ಇರುತ್ತದೆ. ಎಷ್ಟೋ ಫೋರ್ಕುಗಳಲ್ಲಿ ಕಾಲಿಗೆ ಹತ್ತು ಎಂಎಲ್ ಆಸುಪಾಸು. ಧೂಳು ಒಳಗೆ ಹೋಗದಂತೆ ತಡೆಯುವ ಸೀಲಿನ ಕೆಳಗಿನ ಸ್ಪಾಂಜ್ ರಿಂಗ್ ಇದನ್ನೇ ಹೀರಿಕೊಂಡು ಕೊಳವೆಗೆ ಸವರುತ್ತದೆ. 50 ಗಂಟೆ ಓಡಿಸಿದ ಮೇಲೆ ಇದನ್ನು ಬದಲಿಸಿ ಅನ್ನುವ ಕಂಪನಿಗಳಿವೆ. ನಮ್ಮ ಮಳೆಗಾಲದ ಕೆಸರು, ಬೇಸಿಗೆಯ ಕೆಂಪು ಧೂಳಿಗೆ ಅಷ್ಟು ದಿನ ಕಾಯದಿದ್ದರೇ ಒಳ್ಳೆಯದು.

ಮೊದಲ ಕೆಲಸ, ಗಾಳಿ ಪೂರ್ತಿ ಬಿಡುವುದು. ಕಾರಿನ ಟೈರಿನಲ್ಲಿ 30 ಪಿಎಸ್‌ಐ ಇದ್ದರೆ ನನ್ನ ಫೋರ್ಕಿನಲ್ಲಿ 80 ಇತ್ತು. ಅದನ್ನು ಹಾಗೇ ಬಿಚ್ಚಿದರೆ ಒಳಗಿನದು ಮುಖಕ್ಕೇ ಹಾರುತ್ತದೆ. ಆಮೇಲೆ ಕೆಳಗಿನ ಬೋಲ್ಟನ್ನು 5 ಎಂಎಂ ಎಲ್ಎನ್ (ಅಲೆನ್, ಆರು ಮೂಲೆಯ) ಕೀಯಲ್ಲಿ ಮೂರ್ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಬೋಲ್ಟಿನ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಪೂರ್ತಿ ತೆಗೆದು ಬಡಿದರೆ ಒಳಗಿನ ರಾಡಿನ ತ್ರೆಡ್ ಹಾಳು.

ಹೊರಗೆ ಬಂದದ್ದು ಡಿಕಾಕ್ಷನ್. ಬಣ್ಣವೂ ಅದೇ, ತಳದ ಗಸಿಯೂ ಅದೇ.

ಹೊಸ ಸೀಲ್ ಕೂರಿಸಲು ಕಂಪನಿಯ ಟೂಲ್ ಬರುತ್ತದೆ. ಅದರ ಕೆಲಸ ಒಂದೇ: ಸೀಲಿನ ಹೊರ ಅಂಚನ್ನು ಎಲ್ಲ ಕಡೆ ಸಮವಾಗಿ ಒತ್ತುವುದು. ತೋಟದ ಪಿವಿಸಿ ಪೈಪಿನ ತುಂಡು ಸಾಕು. ನನ್ನದು 32 ಎಂಎಂ ಕೊಳವೆಯ ಫೋರ್ಕ್ ಅಂತ 32 ಎಂಎಂ ಪೈಪನ್ನೇ ತಂದು ಬೇಸ್ತು ಬಿದ್ದೆ. ನಮ್ಮಲ್ಲಿ ಈ ಪೈಪಿನ ಅಳತೆ ಹೊರಗಿನದು. ಹಾಗಾಗಿ ಅದು ಸೀಲಿನ ಮೆತ್ತನೆಯ ತುಟಿಯ ಮೇಲೇ ಕೂತಿತು. ಒಂದು ಸೀಲ್ ಹೋಯ್ತು. 40 ಎಂಎಂ ತುಂಡು, ಬಾಯಿ ಉಜ್ಜಿ ನುಣುಪು ಮಾಡಿದ್ದು, ಸರಿಯಾಗಿ ಹೊಂದಿತು.

ಎಣ್ಣೆ ಅಳೆಯಲು ಮೆಡಿಕಲ್ ಶಾಪಿನ ಸಿರಿಂಜ್. "ಸೈಕಲ್ಲಿಗೂ ಇಂಜೆಕ್ಷನ್ನಾ?" ಅಂದರು ಅಮ್ಮ. ಅಳತೆ ಯಾಕೆ ಮುಖ್ಯ ಅಂದರೆ, ಎಣ್ಣೆ ಜಾಸ್ತಿಯಾದಷ್ಟೂ ಒಳಗೆ ಗಾಳಿಗೆ ಜಾಗ ಕಮ್ಮಿ. ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟು, ಬಾಯ್ಲ್ 1662ರಲ್ಲೇ ಹೇಳಿದ ಲೆಕ್ಕ. ಫೋರ್ಕ್ ಕೊನೆಯಲ್ಲಿ ಗೋಡೆಗೆ ತಾಗಿದಂತೆ ಗಟ್ಟಿಯಾಗುತ್ತದೆ. ಎಣ್ಣೆಯೂ ಕಂಪನಿ ಹೇಳಿದ್ದೇ ಆಗಬೇಕು. ಚಳಿಗೆ ಎಣ್ಣೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ನೋಡಿದರೆ ಸಾಕು.

ನನಗೆ ತುಂಬಾ ಇಷ್ಟವಾದದ್ದು ಲಗೇಜ್ ತೂಗುವ ಕೊಕ್ಕೆ ತಕ್ಕಡಿ. ನನ್ನ ಫೋರ್ಕಿನ ಬೋಲ್ಟಿಗೆ ಸುಮಾರು 7 ನ್ಯೂಟನ್ ಮೀಟರ್ ಬಿಗಿ ಬೇಕು. ಟಾರ್ಕ್ ರೆಂಚ್ ಇಲ್ಲ. ಆದರೆ ಟಾರ್ಕ್ ಅಂದರೆ ಬಲ ಗುಣಿಸು ದೂರ, ಅಷ್ಟೇ. ಉದ್ದನೆಯ ಎಲ್ಎನ್ ಕೀಯಲ್ಲಿ, ಬೋಲ್ಟಿನ ನಡುವಿನಿಂದ ಸರಿಯಾಗಿ 10 ಸೆಂಟಿಮೀಟರ್ ದೂರಕ್ಕೆ ಕೊಕ್ಕೆ ಹಾಕಿ ಅಡ್ಡಕ್ಕೆ ಎಳೆದೆ. ತಕ್ಕಡಿ 7 ಕೆಜಿ ತೋರಿಸಿದಾಗ ನಿಲ್ಲಿಸಿದೆ. ಏಳು ಕೆಜಿ ಅಂದರೆ ಹೆಚ್ಚುಕಮ್ಮಿ 70 ನ್ಯೂಟನ್. ಲೆಕ್ಕ ಸರಿಹೋಯ್ತು.

ಡ್ಯಾಂಪರ್ ಮುಟ್ಟಲಿಲ್ಲ. ಅದರ ಎಣ್ಣೆಯಲ್ಲಿ ಗಾಳಿಗುಳ್ಳೆ ಉಳಿದರೆ ಕೆಲಸ ಕೆಟ್ಟಿತು. ಗುಳ್ಳೆ ತೆಗೆಯುವುದಕ್ಕೆ ಪೈಪು, ತಕ್ಕಡಿ ಸಾಲದು.

ಮುಂದಿನ ಭಾನುವಾರ ಮತ್ತೆ ಹತ್ತಿದೆ. ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಶಿಖರ 1,930. ಮೇಲೆ ಹೊರಗಿನ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಮ್ಮಿ. ಊರಲ್ಲಿ ಜೋಡಿಸುವಾಗ ಫೋರ್ಕಿನ ಕೆಳಗಿನ ಕಾಲುಗಳೊಳಗೆ ಸಿಕ್ಕಿಕೊಂಡ ಗಾಳಿಗೆ ಅದು ಗೊತ್ತಿರಲಿಲ್ಲ, ಪಾಪ. ತುದಿ ದುಂಡಗೆ ಮಾಡಿದ ಜಿಪ್ ಟೈ ಒಂದನ್ನು ಸೀಲಿನ ಸಂದಿಗೆ ಮೆಲ್ಲಗೆ ತೂರಿಸಿದೆ. ಪುಸ್ ಅಂತು.