ಫರ್ನೇಸಿನ ಬಿಳಿ ವೂಲ್ ವೇಪ್‌ಗೆ ಬತ್ತಿ ಆಗುತ್ತಾ?

ಪ್ರಶ್ನೆ: ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ (ಲೋಹ ಕಾಯಿಸಿ ಹದ ಮಾಡೋ) ಕೆಲಸ ಮಾಡ್ತೀನಿ ಸರ್. ವೇಪ್‌ನಲ್ಲಿ, ಅಂದ್ರೆ ಇ-ಸಿಗರೇಟಿನಲ್ಲಿ, ಹತ್ತಿ ಬತ್ತಿ ಪದೇ ಪದೇ ಸೀದುಹೋಗುತ್ತೆ. ಫರ್ನೇಸಿಗೆ ಶಾಖ ತಡೆಯೋಕೆ ಹಾಕೋ ಬಿಳಿ ಸೆರಾಮಿಕ್ ಬ್ಲಾಂಕೆಟ್‌ನಿಂದ ಒಂಚೂರು ಕಿತ್ತು ಹಾಕಿಕೊಂಡ್ರೆ ಆಗಲ್ವಾ? ಅದು ಸುಡೋದೇ ಇಲ್ವಲ್ಲ.

ಬೇಡ. ಸುಡೋದಿಲ್ಲ ಅನ್ನೋದೇ ಇಲ್ಲಿ ತಕರಾರು.

ನೀವು ಹೇಳುವ ಬ್ಲಾಂಕೆಟ್ ಅಲ್ಯುಮಿನಾ, ಸಿಲಿಕಾ ಕರಗಿಸಿ ಎಳೆದ ನೂಲು. ಸಾಮಾನ್ಯ ದರ್ಜೆಯದೇ 1,260 ಡಿಗ್ರಿ ತಡೆಯುತ್ತದೆ. ವೇಪ್‌ನಲ್ಲಿ ಬತ್ತಿ ಬಿಸಿಮಾಡುವ ಕಾಯಿಲ್ ಏರುವುದು ಇನ್ನೂರು ಚಿಲ್ಲರೆ ಡಿಗ್ರಿಗೆ. ಹಾಗಾಗಿ ಬತ್ತಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಅದನ್ನು ಹರಿಯುವಾಗ ಬಿಸಿಲುಕೋಲಿನಲ್ಲಿ ನೀವೇ ನೋಡಿರುತ್ತೀರಿ: ಮಿಣಮಿಣ ಧೂಳು ತೇಲುತ್ತದೆ, ಸ್ವಲ್ಪ ಹೊತ್ತಿಗೆ ಮೊಣಕೈ ತುರಿಸುತ್ತದೆ. ಆ ಎಳೆಗಳ ದಪ್ಪ ಎರಡು ಮೂರು ಮೈಕ್ರಾನ್, ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಅಷ್ಟು ಸಣ್ಣದು ಮೂಗು ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಅಲ್ಲಿ ಕಸ ನುಂಗುವ ಜೀವಕೋಶಗಳಿಗೆ ಉದ್ದದ ಎಳೆ ಬಿಸಿತುಪ್ಪ: ನುಂಗಲೂ ಆಗದು, ಉಗುಳಲೂ ಆಗದು. ಶ್ವಾಸಕೋಶದಲ್ಲಿ ಊತ, ಗಾಯದ ಕಲೆ ಶುರುವಾಗುವುದು ಹೀಗೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಡ್ಡೆಗಳು ಕಂಡಿದ್ದರಿಂದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 'ಕ್ಯಾನ್ಸರ್ ತರಬಹುದಾದ' 2ಬಿ ಗುಂಪಿನಲ್ಲಿಟ್ಟಿದೆ.

ಫರ್ನೇಸಿನ ಗೋಡೆಯಿಂದ ಬಿಚ್ಚಿದ ಹಳೇ ಬ್ಲಾಂಕೆಟ್ ಆದರೆ ಇನ್ನೂ ಕಷ್ಟ. ಸಾವಿರ ಡಿಗ್ರಿ ಆಚೆಗೆ ಬಹಳ ದಿನ ಕಾದ ನೂಲಿನಲ್ಲಿ ಕ್ರಿಸ್ಟೋಬಲೈಟ್ ಹುಟ್ಟಿಕೊಳ್ಳುತ್ತದೆ. ಅದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವ ಹರಳು ಸಿಲಿಕಾ. ಅದೇ ಸಂಸ್ಥೆಯ ಪಟ್ಟಿಯಲ್ಲಿ ಮೊದಲನೇ ಗುಂಪು, ಅಂದರೆ ಕ್ಯಾನ್ಸರ್ ತರುವುದು ಖಚಿತವಾದದ್ದು.

'ಸೆರಾಮಿಕ್ ಕಾಯಿಲ್ ಅಂತ ಮಾರ್ತಾರಲ್ಲ' ಅಂತೀರೇನೋ. ಅದು ರಂಧ್ರಗಳಿರುವ ಗಟ್ಟಿ ಸುಟ್ಟ ತುಂಡು, ಬಿಡಿ ನೂಲಲ್ಲ, ಹೆಸರೊಂದೇ ಸಮ. ಹಾಗಂತ ಅದನ್ನು ಕೊಳ್ಳಿ ಅಂತಲೂ ಅಲ್ಲ. 2019ರ ಕಾಯ್ದೆ ಪ್ರಕಾರ ದೇಶದಲ್ಲಿ ಇ-ಸಿಗರೇಟ್ ಮಾರಾಟವೇ ಅಪರಾಧ. ಹತ್ತಿ ಸೀಯದಂತೆ ಮಾಡುವ ಉಪಾಯವನ್ನೂ ನನ್ನಿಂದ ನಿರೀಕ್ಷಿಸಬೇಡಿ. ಬಿಡಬೇಕು ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ವಿಭಾಗವಿದೆ.

ನನಗೆ ವೇಪ್‌ಗಿಂತ ಹೆಚ್ಚು ಕೊರೆಯುತ್ತಿರುವುದು ನಿಮ್ಮ 'ಕಿತ್ತು' ಅನ್ನುವ ಮಾತು. ಬರಿಗೈಲಿ, ಮಾಸ್ಕಿಲ್ಲದೆ ಕಿತ್ತು ಅಭ್ಯಾಸವಿದ್ದಂತಿದೆ. ಹರಿಯಬೇಡಿ, ಚಾಕುವಿನಲ್ಲಿ ಕತ್ತರಿಸಿ. ಬಟ್ಟೆ ಕರ್ಚೀಫು ಸಾಲದು, ಕನಿಷ್ಠ ಎನ್95 ಮಾಸ್ಕ್ ಬೇಕು. ಶಿಫ್ಟ್ ಮುಗಿದ ಮೇಲೆ ಏರ್ ಗನ್ ಹಿಡಿದು ಬಟ್ಟೆ ಝಾಡಿಸುವ ಚಾಳಿ ಬಿಡಿ, ಯೂನಿಫಾರ್ಮನ್ನು ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ.